ಕೈಯಿಂದ ಕೆಟ್ಟದ್ದು

ಮೀನು ಕಚ್ಚಿದೆಯೆಂದು ಕಮಲಳಿಗೆ ತಿಳಿದದ್ದು ಗಂಡನ ಉಸಿರಿನಿಂದ. ಕುಂಬಳಂನ ಹಿನ್ನೀರಿನ ಕಟ್ಟೆಯ ಮೇಲೆ ಅವಳು ತುಸು ಹಿಂದೆ ಕೂತಿದ್ದಳು, ರತ್ನಾಕರ ಅಂಚಿನಲ್ಲಿ ನಿಂತಿದ್ದ. ಸಂಜೆಯ ನೀರು ಅಲುಗದೆ ಬಿದ್ದಿತ್ತು. ಅವನ ಉಸಿರು ಒಮ್ಮೆ ಒಳಗೇ ನಿಂತಿತು. ಗಾಳದ ಕೋಲಿನ ತುದಿ ಬಾಗಿತು. ದಾರ ನೀರನ್ನು ಸೀಳುತ್ತ ಹಳೆಯ ಕಂಬಗಳ ಕಡೆಗೆ ಓಡಿತು.

"ದೊಡ್ಡದುಂಟು," ಅಂದ.

ರೀಲಿನ ಹಿಡಿ ತಿರುಗಿಸಿದ. ಹಿಡಿ ತಿರುಗಿತು, ದಾರ ಬರಲಿಲ್ಲ. ರೀಲಿನ ನೆತ್ತಿಯ ಗುಂಡಿಯನ್ನು ಬಿಗಿ ಮಾಡಿದ. ಮೀನು ಎಳೆದಾಗ ದಾರವನ್ನು ಎಷ್ಟು ಸಡಿಲ ಬಿಡಬೇಕು, ಎಷ್ಟು ತಡೆಯಬೇಕು ಎಂದು ಹಿಡಿತದಲ್ಲಿಡುವ ಗುಂಡಿ ಅದು, ರೀಲಿನ ಬ್ರೇಕು. ಅದನ್ನು ಪೂರ್ತಿ ಬಿಗಿದರೂ ಮೀನು ತನ್ನ ಪಾಡಿಗೆ ದಾರ ಒಯ್ದು ಕಂಬಗಳ ನಡುವೆ ನುಗ್ಗಿ ಬಿಡಿಸಿಕೊಂಡು ಹೋಯಿತು. ಕೋಲು ನೆಟ್ಟಗಾಯಿತು. ಆಮೇಲೆ ಹಿಡಿ ತಿರುಗಿಸಿದರೆ, ಏನೂ ಆಗಿಲ್ಲವೆಂಬಂತೆ, ದಾರ ಸಲೀಸಾಗಿ ಸುತ್ತಿಕೊಂಡು ಬಂತು.

ಕೈಯ ಶಸ್ತ್ರಚಿಕಿತ್ಸೆಯ ನಂತರ ಗಾಳ ಹಿಡಿದ ಮೇಲೆ ಹೀಗೆ ಆಗುತ್ತಿರುವುದು ಇದು ಮೊದಲ ಸಲವಲ್ಲ. ರತ್ನಾಕರ ಕೋಲನ್ನು ಕೆಳಗಿಟ್ಟು ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಮಣಿಕಟ್ಟಿನ ಒಳಗಡೆ ಹೊಲಿಗೆಯ ಗೆರೆ ಇನ್ನೂ ಕೆಂಪಾಗಿತ್ತು.

"ಖಾಲಿ ಇದ್ದಾಗ ಎಲ್ಲ ಸರಿ. ಭಾರ ಬಿದ್ದ ಕೂಡ್ಲೇ ಕೈ ಸೋಲ್ತದೆ," ಅಂದ. "ನೋಡಿದೆಯಲ್ಲ?"

"ನೋಡ್ಲಿಲ್ಲ, ಕೇಳಿದೆ," ಅಂದಳು ಕಮಲ. "ಇವತ್ತು ರೀಲು ಕೂಗ್ಲೇ ಇಲ್ಲ ಅಲ್ವಾ? ಊರಲ್ಲಿ ಮೀನು ಎಳೆದ್ರೆ ಕಿರ್ರ್ ಅಂತ ಕೂಗ್ತಿತ್ತು."

"ನಾನು ಎಂತ ಹೇಳ್ತಿದ್ದೇನೆ, ನೀನು ಎಂತ ಹೇಳ್ತಿ ಮಾರಾಯ್ತಿ!"

ಅವಳು ಎದ್ದು ಸೀರೆಯ ಮಣ್ಣು ಕೊಡವಿದಳು.

ರತ್ನಾಕರನದು ಕ್ರೇನ್ ನಡೆಸುವ ಕೆಲಸ. ಎರ್ನಾಕುಲಂ ಹತ್ತಿರದ ಅಂಬಲಮುಗಳ್‌ನ ದೊಡ್ಡ ಕಾಮಗಾರಿಗಳಿಗೆ ಕ್ರೇನ್ ಒದಗಿಸುವ ಕಂಪನಿಯೊಂದು ಅವನನ್ನು ಮಂಗಳೂರಿನಿಂದ ಇಲ್ಲಿಗೆ ವರ್ಗ ಮಾಡಿ ಇನ್ನೂ ವರ್ಷ ತುಂಬಿರಲಿಲ್ಲ. ಬಂದ ಕೆಲವೇ ದಿನಗಳಲ್ಲಿ ಬೆರಳುಗಳಿಗೆ ಜೋಮು ಹಿಡಿಯಲು ಶುರುವಾಯಿತು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ ಎಂದರು. ಕೊಯ್ದು ಸರಿ ಮಾಡಿದರು. ಈಗ ಡಾಕ್ಟರು ಕೆಲಸಕ್ಕೆ ಹೋಗಬಹುದು ಎಂದು ಬರೆದುಕೊಟ್ಟಿದ್ದರು. ಆದರೆ ಕಂಪನಿಯ ಸುರಕ್ಷತೆ ನೋಡಿಕೊಳ್ಳುವ ನಟರಾಜ, ಕೋಲಾರದ ಕಡೆಯವನು, ನೇರವಾಗಿ ಹೇಳಿದ್ದ: "ಡಾಕ್ಟ್ರು ಹೇಳೋದು ಹೇಳವ್ರೆ, ರತ್ನಾಕರ್. ಕೈ ನಿಮ್ದು. ಸೋಮವಾರ ನೀವು ಹೂಂ ಅಂದ್ರೆ ಕ್ಯಾಬಿನ್ನು, ಬ್ಯಾಡ ಅಂದ್ರೆ ಸ್ಟೋರು. ನಿಮ್ ಮಾತೇ ಕಡೇ ಮಾತು."

ಕ್ರೇನಿನ ಕೊಕ್ಕೆಯ ಕೆಳಗೆ ಜನ ಇರುತ್ತಾರೆ. ಕಬ್ಬಿಣದ ತೊಲೆ ಗಾಳಿಯಲ್ಲಿ ತೂಗುತ್ತಿರುವಾಗ ಲಿವರ್ ಹಿಡಿದ ಬೆರಳಿಗೆ ಅದರ ತೂಕ ತಿಳಿಯಬೇಕು. ಕಣ್ಣಿಗಿಂತ ಮೊದಲು ಕೈಗೆ ತಿಳಿಯಬೇಕು. ತಿಳಿಯದ ಕೈಯನ್ನು ಆ ಕ್ಯಾಬಿನ್ನಿಗೆ ಒಯ್ಯುವ ಮನುಷ್ಯ ರತ್ನಾಕರ ಅಲ್ಲ. ಸ್ಟೋರಿನಲ್ಲಿ ಕೂತು ನಟ್ಟು ಬೋಲ್ಟು ಎಣಿಸುತ್ತ ಉಳಿದ ನೌಕರಿ ಕಳೆಯುವುದು ಅವನಿಗೆ ಸಾವಿನಷ್ಟೇ ಬೇಸರ ಎಂಬುದೂ ಕಮಲಳಿಗೆ ಗೊತ್ತಿತ್ತು.

ಆದರೂ ರೀಲಿನ ಮೇಲೆ ಅನುಮಾನ ಬರದೆ ಇರಲಿಲ್ಲ. ಎರ್ನಾಕುಲಂ ಮಾರ್ಕೆಟ್ಟಿನ ಹತ್ತಿರ ಗಾಳದ ಸಾಮಾನು ಮಾರುವ ಅಶ್ರಫ್‌ನ ಅಂಗಡಿಗೆ ಅವನು ರೀಲನ್ನು ಒಯ್ದುಕೊಟ್ಟ. ಕೈಯ ವಿಷಯ ಬಾಯಿ ಬಿಡಲಿಲ್ಲ. "ಬ್ರೇಕ್ ಸರಿ ಉಂಟಾ ನೋಡಿ" ಎಂದಷ್ಟೇ ತನಗೆ ಬಂದ ಮಲಯಾಳದಲ್ಲಿ ಹೇಳಿ ಬಂದ. ದಾರದ ಬಗ್ಗೆ ಕೇಳುವ ಯೋಚನೆ ಅವನಿಗೆ ಬರಲೇ ಇಲ್ಲ. ಅದು ಮಗಳು ಪ್ರತೀಕ್ಷಾ ಕೊಡಿಸಿದ ದಾರ. ತಿರುವನಂತಪುರದ ಐಟಿ ಪಾರ್ಕಿನಲ್ಲಿ ಕೆಲಸ ಮಾಡುವ ಅವಳು, ಅಪ್ಪ ಆಸ್ಪತ್ರೆಯಲ್ಲಿದ್ದಾಗ, ಹಳೆಯ ನೈಲಾನನ್ನು ಬಿಚ್ಚಿ ಹಾಕಿ, ಸಪೂರ ಎಳೆಗಳನ್ನು ಜಡೆಯ ಹಾಗೆ ಹೆಣೆದ ಹೊಸ ನಮೂನೆಯ ಬ್ರೇಡ್ ದಾರವನ್ನು ತಾನೇ ಕೂತು ರೀಲಿಗೆ ಸುತ್ತಿಕೊಟ್ಟಿದ್ದಳು. ನೂಲಿಗಿಂತ ತೆಳು, ಆದರೆ ಎಳೆದರೆ ಹಿಗ್ಗದು, ಸುಲಭಕ್ಕೆ ಕಡಿಯದು. "ನೀರಿನ ಅಡಿಯಲ್ಲಿ ಸಿಗಡಿ ಸೀನಿದ್ರೂ ನಿಮ್ಮ ಬೆರಳಿಗೆ ಗೊತ್ತಾಗ್ತದೆ ಅಪ್ಪ" ಅಂದಿದ್ದಳು.

ಮರುದಿನ ಅಶ್ರಫ್‌ನಿಂದ ಫೋನಿಗೆ ಒಂದು ಧ್ವನಿ ಸಂದೇಶ ಬಂತು. ರತ್ನಾಕರ ಅದನ್ನು ಬಾಲ್ಕನಿಯಲ್ಲಿ ನಿಂತು ಕೇಳಿ, ಒಳಗೆ ಬಂದು, ಊಟದ ಮೇಜಿನ ಮೇಲೆ ಫೋನನ್ನು ಮಗುಚಿ ಇಟ್ಟ.

"ರೀಲಲ್ಲಿ ಎಂತ ತೊಂದ್ರೆಯೂ ಇಲ್ಲವಂತೆ."

"ಮತ್ತೆ?"

"ಕೈಯಂತೆ."

"ಹಾಗೆ ಹೇಳಿದ್ನಾ ಅವ?"

"ನಂಗೆ ಮಲಯಾಳ ಬರುದಿಲ್ವಾ? ನೀನೇ ಕೇಳು."

ಕಮಲ ಫೋನನ್ನು ಕಿವಿಗೆ ಹಿಡಿದಳು. ಮಾರ್ಕೆಟ್ಟಿನ ಗದ್ದಲ, ಆಟೋದ ಹಾರ್ನು, ಅದರ ನಡುವೆ ಅಶ್ರಫ್‌ನ ನಗುವ ಸ್ವರ: "ರತ್ನಾಕರೇಟ್ಟಾ, ರೀಲಿನು ಒರು ಕುಳಪ್ಪವುಂ ಇಲ್ಲ. ಸ್ವಂತಂ ಕೈ ಕೊಂಡು ಕೆಟ್ಟಿಯದಲ್ಲೇ? ಅದಾಣು."

ಕುಳಪ್ಪ ಅಂದರೆ ತೊಂದರೆ. ಅದು ಅವಳಿಗೂ ಗೊತ್ತು. ರೀಲಿಗೆ ತೊಂದರೆ ಇಲ್ಲ. ಸ್ವಂತ ಕೈಯಿಂದ ಕೆಟ್ಟದ್ದಲ್ಲವೇ? ಅದೇ.

"ಅವನಿಗೆ ಕೈಯ ವಿಷಯ ನೀವು ಹೇಳಿದ್ರಾ?"

"ಇಲ್ಲ."

"ಮತ್ತೆ ಅವನಿಗೆ ಹೇಗೆ ಗೊತ್ತಾಯ್ತು?"

"ಹೊಲಿಗೆ ಕಾಣುದಿಲ್ವಾ? ಅವನಿಗೆ ಕಣ್ಣಿಲ್ವಾ?" ರತ್ನಾಕರ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದ. ಅವನ ದನಿ ತೀರ ಶಾಂತವಾಗಿತ್ತು. "ಒಳ್ಳೇದಾಯ್ತು. ಮೂರನೆಯವ ಹೇಳಿದ ಮೇಲೆ ಮುಗೀತು. ಶನಿವಾರ ತಿರುವನಂತಪುರಕ್ಕೆ ಹೋಗುವ. ಪ್ರತೀಕ್ಷಾಳಿಗೆ ಎದುರಲ್ಲೇ ಹೇಳ್ತೇನೆ. ಸೋಮವಾರ ನಟರಾಜನಿಗೆ ಸ್ಟೋರ್ ಅಂತ ಹೇಳುದು."

ಕಮಲ ಬೆಳೆದದ್ದು ಕಾಪುವಿನ ಹತ್ತಿರದ ಭಜನಾ ಮಂದಿರವೊಂದರ ಗೋಡೆಗೆ ಒತ್ತಿಕೊಂಡ ಮನೆಯಲ್ಲಿ. ಮಳೆಗಾಲದಲ್ಲಿ ದೋಣಿಗಳು ದಡ ಏರಿದ ಮೇಲೆ ಅಲ್ಲಿ ಕಾವ್ಯ ಓದುತ್ತಿದ್ದರು. ಒಬ್ಬರು ರಾಗದಲ್ಲಿ ಪದ್ಯ ಹೇಳುವುದು, ಇನ್ನೊಬ್ಬರು ಅರ್ಥ ಬಿಡಿಸುವುದು. ಅರ್ಥ ಹೇಳುವವರು ಕೆಲವೊಮ್ಮೆ ಕೈಯೆತ್ತಿ ಓದನ್ನು ನಿಲ್ಲಿಸುತ್ತಿದ್ದರು. ಈ ಪದವನ್ನು ಎಲ್ಲಿ ಒಡೆಯಬೇಕು ಹೇಳಿ ನೋಡುವ ಎಂದು ಕೇಳುತ್ತಿದ್ದರು. ಇಲ್ಲಿ ಒಡೆದರೆ ಬೈಗುಳ, ಅಲ್ಲಿ ಒಡೆದರೆ ಸ್ತುತಿ. ಅರ್ಥ ತಿಳಿಯದಿದ್ದರೆ ಹೇಳುವವನ ದನಿ ಕೇಳಿ, ದನಿ ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದರು. ಕಂಬಕ್ಕೆ ಒರಗಿ ಕೇಳಿದ ಆ ಅಭ್ಯಾಸ ಅವಳ ಕಿವಿಯಲ್ಲಿ ಉಳಿದುಬಿಟ್ಟಿತ್ತು. ಅಶ್ರಫ್‌ನ ಸಂದೇಶವನ್ನು ಅವಳು ಅಡುಗೆಮನೆಯಲ್ಲಿ ಮತ್ತೆ ಹಾಕಿ ಕೇಳಿದಳು. ಪದ ಹೌದು, ಕಹಿಯಾಗಿಯೇ ಇತ್ತು. ದನಿ ಮಾತ್ರ ಕಹಿ ಇರಲಿಲ್ಲ. ಒಬ್ಬನ ಕೈ ಕೆಟ್ಟಿದೆ ಎನ್ನುವ ಮಾತನ್ನು ಯಾರಾದರೂ ಹೀಗೆ ನಗುತ್ತ ಹೇಳುತ್ತಾರೆಯೇ? ಅಶ್ರಫ್ ಅಂಥವನೂ ಅಲ್ಲ.

ಶನಿವಾರ ಮಧ್ಯಾಹ್ನದ ರೈಲು. ಬೆಳಿಗ್ಗೆ ಕಮಲ ಎರ್ನಾಕುಲಂನ ಶಿವನ ಗುಡಿಗೆ ಹೋದಳು. ಬಾಗಿಲ ಹೊರಗೆ ಹೂ ಮಾರುವ ಹೆಂಗಸಿನ ಬುಟ್ಟಿಯಲ್ಲಿ ದಿನವೂ ಸಿದ್ಧವಾಗಿ ತೂಗುವ ಬಿಲ್ವದ ಮಾಲೆಗಳು ಅಂದು ಮುಗಿದುಹೋಗಿದ್ದವು. ಬಿಡಿ ಎಲೆಗಳ ರಾಶಿ ಮಾತ್ರ ಇತ್ತು.

"ಮಾಲ ಕೆಟ್ಟಿ ತರಾಂ ಚೇಚ್ಚಿ," ಅಂದಳು ಹೂವಿನವಳು.

ಕಮಲ ಗಾಬರಿಯಾದಳು. ದೇವರಿಗೆ ಕೆಟ್ಟ ಮಾಲೆಯೇ? "ಅಯ್ಯೋ, ಕೆಟ್ಟದ್ದು ವೇಂಡ," ಅಂದಳು ತನ್ನ ಹರಕು ಮಲಯಾಳದಲ್ಲಿ. "ನಲ್ಲದು ಮದಿ. ಒಳ್ಳೇದೇ ಕೊಡಿ."

ಹೂವಿನವಳು ಪಕ್ಕದ ಕರ್ಪೂರದವನ ಕಡೆ ನೋಡಿದಳು. ಅವನು ಇವಳ ಕಡೆ ನೋಡಿದ. ಇಬ್ಬರೂ ನಕ್ಕರು.

"ಕೆಟ್ಟಾದೆ ಎಂಗನೆ ಚೇಚ್ಚಿ ಮಾಲ?" ಅನ್ನುತ್ತ ಅವಳು ಬಾಳೆಯ ನಾರೊಂದನ್ನು ಬೆರಳಿಗೆ ಸಿಕ್ಕಿಸಿ, ಎರಡು ಬಿಲ್ವಪತ್ರೆಗಳನ್ನು ಜೋಡಿಸಿ, ಸರಕ್ಕನೆ ಒಂದು ಗಂಟು ಹಾಕಿ ಕಮಲಳ ಮೂಗಿನ ಮುಂದೆ ಹಿಡಿದಳು. "ಇದಾ. ಕೆಟ್ಟಿ." ಮತ್ತೆರಡು ಎಲೆ, ಮತ್ತೊಂದು ಗಂಟು. "ಕೆಟ್ಟಿ."

ಕಟ್ಟಿ.

ಕಮಲ ಅಲ್ಲಿಯೇ ನಿಂತಳು. ಕೆಟ್ಟಿ ಅಂದರೆ ಕಟ್ಟಿ; ಕಟ್ಟದೆ ಮಾಲೆ ಹೇಗಕ್ಕಾ ಎಂದಿದ್ದಳು ಹೂವಿನವಳು. ಸ್ವಂತಂ ಕೈ ಕೊಂಡು ಕೆಟ್ಟಿಯದಲ್ಲೇ. ಸ್ವಂತ ಕೈಯಿಂದ ಕಟ್ಟಿದ್ದಲ್ಲವೇ! ನಾವೇ ಮನೆಯಲ್ಲಿ ದಾರ ಕಟ್ಟಿಕೊಂಡದ್ದಲ್ಲವೇ ಎಂದು ಅಶ್ರಫ್ ಕೇಳಿದ್ದ. ಅವನು ಕೈಯ ಮಾತೇ ಆಡಿರಲಿಲ್ಲ, ಗಂಟಿನ ಮಾತು ಆಡಿದ್ದ.

ಮಾಲೆಯನ್ನು ದೇವರಿಗೆ ಒಪ್ಪಿಸಿ, ಪ್ರದಕ್ಷಿಣೆ ಮುಗಿಸಿ, ಹೊರಗಿನ ಮರದ ನೆರಳಿನಿಂದ ಅವಳು ಗಂಡನಿಗೆ ಫೋನ್ ಮಾಡಿದಳು.

"ಹೋಯ್, ನೀವು ಸೀದ ಅಶ್ರಫ್‌ನ ಅಂಗಡಿಗೆ ಬನ್ನಿ."

"ರೀಲು ತರ್ಲಿಕ್ಕೆ ಹೇಗೂ ಹೊರಟೆ. ಎಂತ ಅವಸರ?"

"ನಿಮ್ಮ ಮಲಯಾಳದ ಬಣ್ಣ ಬಯಲಾಯ್ತು. ಬನ್ನಿ."

ಅಂಗಡಿ ಎಂದರೆ ಎರಡು ಜನ ನಿಂತರೆ ಮೂರನೆಯವರು ಬೀದಿಯಲ್ಲಿ ನಿಲ್ಲಬೇಕಾದಷ್ಟು ಜಾಗ. ಗೋಡೆಯ ತುಂಬ ಬಣ್ಣಬಣ್ಣದ ಪ್ಲಾಸ್ಟಿಕ್ ಮೀನುಗಳು ತೂಗುತ್ತಿದ್ದವು. ಕಮಲ ನಡೆದದ್ದನ್ನು ಹೇಳಿದಾಗ ಅಶ್ರಫ್ ಮೊದಲು ನಕ್ಕ, ಆಮೇಲೆ ರತ್ನಾಕರನ ಮುಖ ಕಂಡು ನಗು ನಿಲ್ಲಿಸಿದ. "ಅಯ್ಯೋ ಏಟ್ಟಾ, ಸಾರಿ," ಅಂದ. ಕಪಾಟಿನಿಂದ ರೀಲನ್ನು ತೆಗೆದ.

"ನೋಕ್ಕಿಕ್ಕೋ." ನೋಡಿಕೊಳ್ಳಿ ಎನ್ನುತ್ತ ದಾರ ಸುತ್ತಿದ ಉರುಳೆಯನ್ನು ಒಂದು ಕೈಯಲ್ಲಿ ಅಲುಗದಂತೆ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಿಂದ ದಾರದ ರಾಶಿಯನ್ನು ಒತ್ತಿ ತಳ್ಳಿದ.

ದಾರವೆಲ್ಲ ಒಟ್ಟಿಗೆ, ಬಳೆ ತಿರುಗಿದ ಹಾಗೆ, ಉರುಳೆಯ ಸುತ್ತ ಜಾರಿ ತಿರುಗಿತು. ಉರುಳೆ ಮಾತ್ರ ಇದ್ದಲ್ಲೇ ಇತ್ತು.

ಅರ್ಧ ಮಲಯಾಳ, ಅರ್ಧ ಕೈಸನ್ನೆಯಲ್ಲಿ ಅಶ್ರಫ್ ಬಿಡಿಸಿ ಹೇಳಿದ. ನೈಲಾನ್ ಬಿಗಿದರೆ ತುಸು ಹಿಗ್ಗಿ ಲೋಹವನ್ನು ಕಚ್ಚಿಕೊಳ್ಳುತ್ತದೆ. ಬ್ರೇಡ್ ಕಚ್ಚುವುದಿಲ್ಲ, ನುಣುಪು. ಅದನ್ನು ನೇರ ಲೋಹದ ಉರುಳೆಗೆ ಕಟ್ಟಿದರೆ ಗಂಟು ಎಷ್ಟೇ ಗಟ್ಟಿ ಇರಲಿ, ಗಂಟಿನ ಸಮೇತ ಇಡೀ ಸುತ್ತು ಜಾರುತ್ತದೆ. ಖಾಲಿ ಎಳೆದರೆ ಗೊತ್ತಾಗುವುದಿಲ್ಲ. ಭಾರ ಬಿದ್ದರೆ ಮಾತ್ರ ಜಾರುವುದು. ಕೆಳಗೆ ಮೊದಲು ಒಂದಿಷ್ಟು ನೈಲಾನ್ ಸುತ್ತಿ, ಅದರ ತುದಿಗೆ ಬ್ರೇಡನ್ನು ಗಂಟು ಹಾಕಬೇಕು. ಆಗ ನೈಲಾನ್ ಉರುಳೆಯನ್ನು ಹಿಡಿಯುತ್ತದೆ, ಬ್ರೇಡ್ ನೈಲಾನನ್ನು ಹಿಡಿಯುತ್ತದೆ.

"ಉರುಳೆ ತಿರುಗಿದ್ರೆ ಅಲ್ವಾ ಅದು ಕೂಗುದು," ಅಂದಳು ಕಮಲ ಮೆಲ್ಲಗೆ. "ಉರುಳೆ ತಿರುಗ್ಲೇ ಇಲ್ಲ. ಬರೇ ದಾರ ಜಾರಿತು. ಅದಕ್ಕೇ ಕೂಗ್ಲಿಲ್ಲ."

ರತ್ನಾಕರ ಈ ಸಲ ಅವಳ ಮಾತನ್ನು ತಳ್ಳಿಹಾಕಲಿಲ್ಲ. ರೀಲನ್ನು ತನ್ನ ಕೈಗೆ ತೆಗೆದುಕೊಂಡು ತಾನೂ ಹೆಬ್ಬೆರಳಿನಿಂದ ತಳ್ಳಿ ನೋಡಿದ. ಮತ್ತೆ ತಳ್ಳಿದ. ದಾರ ಜಾರಿತು.

"ಶರಿಯಾಕ್ಕಿ ತರಟ್ಟೆ?" ಸರಿ ಮಾಡಿಕೊಡಲೇ ಎಂದ ಅಶ್ರಫ್.

"ಬೇಡ," ಅಂದ ರತ್ನಾಕರ. "ಸ್ವಲ್ಪ ನೈಲಾನ್ ಕೊಡು. ಕಟ್ಟಿದವಳೇ ಬಿಚ್ಚಲಿ."

ರೈಲಿನಲ್ಲಿ ಕಮಲಳ ಮನಸ್ಸು ಹಗುರಾಗಿತ್ತು. ಗಂಡನದು ಹಗುರಾದಂತೆ ಕಾಣಲಿಲ್ಲ. ಕೊಲ್ಲಂ ದಾಟಿದ ಮೇಲೆ ಅವನೇ ಬಾಯಿಬಿಟ್ಟ.

"ದಾರದ್ದು ತಪ್ಪು ಅಂತ ಗೊತ್ತಾಯ್ತು, ಸರಿ. ಕೈ ಸರಿ ಉಂಟು ಅಂತ ಎಲ್ಲಿ ಗೊತ್ತಾಯ್ತು?"

ಮಾತು ನ್ಯಾಯವಾಗಿಯೇ ಇತ್ತು. ಸಾಕ್ಷಿ ಸುಳ್ಳಾದರೆ ಆರೋಪ ಬಿದ್ದುಹೋಗುತ್ತದೆ, ಅಷ್ಟೆ. ಕೊಕ್ಕೆಯ ಕೆಳಗೆ ನಿಲ್ಲುವವರಿಗೆ ಅಷ್ಟು ಸಾಲದು. ಕಮಲ ಕಿಟಕಿಯ ಹೊರಗೆ ನೋಡುತ್ತ ಮನಸ್ಸಿನಲ್ಲೇ ದೇವರ ಹೆಸರು ಹೇಳಿಕೊಂಡಳು. ಹೀಗೇ ಆಗಲಿ ಎಂದು ಬೇಡಲಿಲ್ಲ. ಹೇಗಿದೆಯೋ ಹಾಗೆ ತಿಳಿಯಲಿ ಎಂದು ಬೇಡಿದಳು.

ತಿರುವನಂತಪುರದ ಶ್ರೀಕಾರ್ಯಂನ ಬಾಡಿಗೆ ಮನೆಯಲ್ಲಿ ಪ್ರತೀಕ್ಷಾ ಕಥೆಯೆಲ್ಲ ಕೇಳಿ ಹಣೆ ಬಡಿದುಕೊಂಡಳು.

"ಅಂದ್ರೆ ಇಷ್ಟು ದಿನ ನೀವು ನನ್ನ ಗಂಟಿಗೆ ನಿಮ್ಮ ಕೈಯನ್ನ ಬೈದದ್ದಾ? ಒಂದು ಮಾತು ಕೇಳ್ಬಾರ್ದಿತ್ತಾ ಅಪ್ಪ?"

"ನೀನು ಕಟ್ಟಿಕೊಟ್ಟದ್ದಲ್ವಾ. ಅದ್ರಲ್ಲಿ ಯಾರು ತಪ್ಪು ಹುಡುಕ್ತಾರೆ?"

"ಹೋ! ಮಾರ್ಕು ಕಡಿಮೆ ಬಂದಾಗ ಈ ಪ್ರೀತಿ ಎಲ್ಲಿ ಹೋಗಿತ್ತು?"

ಭಾನುವಾರ ಬೆಳಿಗ್ಗೆ ತಂದೆ ಮಗಳು ನೆಲದ ಮೇಲೆ ಎದುರುಬದುರು ಕೂತರು. ಅವಳು ಬ್ರೇಡನ್ನೆಲ್ಲ ಬಿಚ್ಚಿ ಖಾಲಿ ಡಬ್ಬಿಯೊಂದಕ್ಕೆ ಸುತ್ತಿದಳು. ಅವನು ಉರುಳೆಗೆ ನೈಲಾನ್ ಕಟ್ಟಿ ಸುತ್ತಿ, ಎರಡು ದಾರಗಳ ತುದಿಗಳನ್ನು ಬಾಯಿಯ ತೇವದಲ್ಲಿ ಒದ್ದೆ ಮಾಡಿ ಗಂಟು ಬಿಗಿದ. ಆಮೇಲೆ ಅವಳು ಒದ್ದೆ ಬಟ್ಟೆಯಲ್ಲಿ ದಾರವನ್ನು ಒತ್ತಿ ಹಿಡಿದು ಬಿಡುತ್ತ ಹೋದಳು, ಅವನು ಬಿಗಿಯಾಗಿ ಸುತ್ತುತ್ತ ಹೋದ. "ಸಡಿಲ ಬಿಡ್ಬೇಡ, ಸಡಿಲ ಸುತ್ತಿದ್ರೆ ಎಸೆಯುವಾಗ ಗೊಂಚಲು ಬೀಳ್ತದೆ," ಎಂದು ಅವನು ಗದರಿದ. "ನಿಮ್ಮ ಮಗಳೋ ಅಸಿಸ್ಟೆಂಟೋ ನಾನು?" ಎಂದು ಅವಳು ತಿರುಗಿ ಗದರಿದಳು. ಸುತ್ತಿ ಮುಗಿದ ಮೇಲೆ ಅವನು ಹೆಬ್ಬೆರಳಿನಿಂದ ತಳ್ಳಿದ. ದಾರ ಜಾರಲಿಲ್ಲ.

ಬಿಸಿಲು ಇಳಿದ ಮೇಲೆ ಮೂವರೂ ವೇಳಿಯ ಕಡಲಿಗೆ ಹೋದರು. ಗಾಳಿ ಜೋರಿತ್ತು, ಅಲೆ ದೊಡ್ಡದಿತ್ತು. ಗಾಳ ಎಸೆಯುವ ದಿನವಲ್ಲ. ರತ್ನಾಕರ ಜೊತೆಗೆ ತಂದಿದ್ದ ಕೋಲು ಹಿಡಿದು ಸುಮ್ಮನೆ ನಿಂತ. ರಾತ್ರಿಯ ರೈಲಿಗೆ ವಾಪಸು ಹೊರಡಬೇಕು, ಸೋಮವಾರಕ್ಕೆ ಒಂದು ರಾತ್ರಿ ಉಳಿದಿತ್ತು.

"ಮೀನು ಇಲ್ಲದಿದ್ರೆ ನಾನಿಲ್ವಾ?" ಅಂದಳು ಪ್ರತೀಕ್ಷಾ. ಮರಳಲ್ಲಿ ಬಿದ್ದಿದ್ದ ತೆಂಗಿನ ಗರಿಯ ದಂಟಿನ ತುಂಡೊಂದನ್ನು ಎತ್ತಿಕೊಂಡು ದಾರದ ತುದಿಯನ್ನು ಅದಕ್ಕೆ ಕಟ್ಟತೊಡಗಿದಳು.

"ದಾರ ಕೈಗೆ ಸುತ್ತಬೇಡ. ಕತ್ತಿಯ ಹಾಗೆ ಕೊಯ್ತದೆ. ದಂಟನ್ನು ಮಾತ್ರ ಹಿಡಿ."

"ಗೊತ್ತುಂಟು. ನೀವು ಆ ಕಡೆ ತಿರುಗಿ. ಕಣ್ಣಲ್ಲಿ ನೋಡಿ ಹೇಳುದಲ್ಲ."

ಅವನು ಬೆನ್ನು ತಿರುಗಿಸಿ, ಕೋಲನ್ನು ಹೆಗಲ ಮೇಲಿಂದ ಹಿಂದಕ್ಕೆ ಚಾಚಿ, ದಾರದ ಕೆಳಗೆ ಬಲಗೈಯ ತೋರುಬೆರಳು ಇಟ್ಟ. ಅವಳು ದಡದುದ್ದಕ್ಕೆ ನಡೆಯುತ್ತ ನಡೆಯುತ್ತ ಗೊಂಬೆಯಷ್ಟು ಚಿಕ್ಕವಳಾದಳು. ಗಂಡನ ಪಕ್ಕದಲ್ಲಿ ಕೂತ ಕಮಲಳಿಗೆ ಇಬ್ಬರೂ ಕಾಣುತ್ತಿದ್ದರು.

"ನಿಂತಳು," ಅಂದ ರತ್ನಾಕರ.

ಅವಳು ನಿಂತಿದ್ದಳು.

"ಈಗ ಕೂತಳು."

ಕೂತು ಚಿಪ್ಪು ಹೆಕ್ಕುತ್ತಿದ್ದಳು.

"ಎಂತದೋ ನಡುಗ್ತಾ ಉಂಟು. ಸಣ್ಣ ನಡುಕ." ಅವನು ಬೆರಳನ್ನು ತುಸು ಎತ್ತಿ ಮತ್ತೆ ಇಟ್ಟ. "ನಗ್ತಿದ್ದಾಳಾ?"

ಕಮಲ ನೋಡಿದಳು. ನಾಯಿಮರಿಯೊಂದು ಪ್ರತೀಕ್ಷಾಳ ಚಪ್ಪಲಿ ಕಚ್ಚಿ ಎಳೆಯುತ್ತಿತ್ತು. ಮಗಳು ನಕ್ಕು ನಕ್ಕು ಮರಳಲ್ಲಿ ಕುಸಿದಿದ್ದಳು. ಗಾಳಿಗೆ ನಗು ಇಲ್ಲಿಗೆ ಕೇಳುತ್ತಿರಲಿಲ್ಲ.

"ಹೌದು," ಅಂದಳು ಕಮಲ.

ಆಮೇಲೆ ಪ್ರತೀಕ್ಷಾ ಎದ್ದು ದಂಟನ್ನು ಎರಡೂ ಕೈಯಲ್ಲಿ ಹಿಡಿದು ಓಡಿದಳು. ರೀಲು ಕಿರ್ರನೆ ಕೂಗಿತು. ರತ್ನಾಕರ ಥಟ್ಟನೆ ತಿರುಗಿ, ಕೋಲು ಎತ್ತಿ, ಬ್ರೇಕನ್ನು ಒಂದಿಷ್ಟೇ ಬಿಗಿದ. ಕೋಲು ಬಿಲ್ಲಾಯಿತು. ಅವಳು ಎಳೆದಾಗ ಬಿಟ್ಟ, ತಡೆದಾಗ ಸುತ್ತಿದ. ಕೈ ನಡುಗಲಿಲ್ಲ ಎನ್ನುವಂತಿಲ್ಲ, ಮಣಿಕಟ್ಟಿನ ಹತ್ತಿರ ನಡುಗಿತು. ಆದರೆ ಬಿಡಲಿಲ್ಲ. ಸುತ್ತು ಸುತ್ತಾಗಿ ಮಗಳು ಹತ್ತಿರ ಬಂದಳು, ಏದುಸಿರು ಬಿಡುತ್ತ ಅವನ ಕಾಲ ಬಳಿ ಕುಕ್ಕರಿಸಿದಳು.

"ಬಿಡ್ತೀರಾ, ಸಾರು ಮಾಡ್ತೀರಾ?"

"ಚರ್ಮ ದಪ್ಪ ಉಂಟು, ಬೇಯುದಿಲ್ಲ," ಅಂದ.

ಅವನು ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿದ. "ಈ ನಾಲ್ಕು ಸರಿ ಉಂಟು," ಎಂದ ಕಮಲಳಿಗೆ. "ನಡುಬೆರಳು ಇನ್ನೂ ಸ್ವಲ್ಪ ಮಂಕು. ಅದು ಮಾತ್ರ ದಾರದ ತಪ್ಪಲ್ಲ." ಅಷ್ಟು ಹೇಳಿ ಫೋನ್ ತೆಗೆದ.

"ನಟರಾಜ್, ನಾಳೆ ಸ್ಟೋರ್ ಬೇಡ. ಕ್ಯಾಬಿನ್ ಅಂತಲೂ ಈಗಲೇ ಹೇಳುದಿಲ್ಲ. ಬೆಳಿಗ್ಗೆ ಬರೇ ಖಾಲಿ ಕೊಕ್ಕೆ ಆಡಿಸ್ತೇನೆ, ಕೆಳಗೆ ಒಬ್ಬನೂ ಇರಬಾರ್ದು. ಆಮೇಲೆ ಸಣ್ಣ ಭಾರ. ನೀವು ಪಕ್ಕದಲ್ಲಿ ನಿಂತು ನೋಡಿ. ಸರಿ ಕಂಡ್ರೆ ಮುಂದಿನ ಮಾತು."

ಆ ಕಡೆಯಿಂದ ನಟರಾಜನ ದನಿ ಕಮಲಳಿಗೂ ಕೇಳಿಸಿತು. "ಆಯ್ತು ಬಿಡ್ರಿ. ಸೈಟಿಗೆ ಜನ ಬರೋಕ್ ಮುಂಚೆ ಬಂದ್‌ಬಿಡಿ."

ರತ್ನಾಕರ ಫೋನನ್ನು ಜೇಬಿಗೆ ಹಾಕಿಕೊಂಡ. ಕಡಲ ಮೇಲೆ ಬೆಳಕು ಇನ್ನೂ ಇತ್ತು. ಪ್ರತೀಕ್ಷಾ ದಂಟನ್ನು ಕೈಯಲ್ಲೇ ಹಿಡಿದು ಕೂತಿದ್ದಳು.

"ಇನ್ನೊಮ್ಮೆ ಓಡ್ಲಾ ಅಪ್ಪ?"

"ಓಡು," ಅಂದ ಅವನು, ಬೆನ್ನು ತಿರುಗಿಸಿ ಬೆರಳನ್ನು ದಾರಕ್ಕೆ ತಾಗಿಸುತ್ತ. "ಎಡಕ್ಕೋ ಬಲಕ್ಕೋ, ಹೇಳ್ಬೇಡ."